ಹಗುರ ಕೈಗೆ ಸಿಕ್ಕಿದ ಮಚ್ಚೆ

ನಮ್ಮ ಕಡೆ ತೋಳು ನೋವು ಅಂದರೆ ಮೊದಲು ಮಾಡುವ ಕೆಲಸ ಏನು ಹೇಳಿ? ತಿಕ್ಕಿಸಿಕೊಳ್ಳುವುದು. ಯಾರಾದರೂ ಗಟ್ಟಿ ಕೈಯವರನ್ನು ಹಿಡಿದು, ಹರಳೆಣ್ಣೆ ಬಿಸಿ ಮಾಡಿಸಿ, ಅಯ್ಯಪ್ಪಾ ಅಮ್ಮಾ ಎಂದು ಕೂಗಿಕೊಳ್ಳುವ ತನಕ ತಿಕ್ಕಿಸಿಕೊಂಡರೇ ನಮಗೆ ಸಮಾಧಾನ. ಕಣ್ಣಲ್ಲಿ ನೀರು ಬರದಿದ್ದರೆ ಅದೆಂಥ ಔಷಧಿ ಎಂದು ಕೇಳುವ ಜನ ನಾವು.

ಇಂಥ ಜನರ ನಡುವೆ, ತರೀಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮಲ್ಲಿಕಾಂಬ ಎನ್ನುವವರು ಪ್ರಕೃತಿ ಚಿಕಿತ್ಸೆ ಮಾಡುತ್ತಿದ್ದರು. ಎಂಬತ್ತಾರನೇ ಇಸವಿಯ ಮಾತು. ಗಂಡ ತೀರಿಕೊಂಡ ಮೇಲೆ ಒಂದು ಆಶ್ರಮದಲ್ಲಿ ಎರಡು ವರ್ಷ ಇದ್ದು ಕಲಿತುಬಂದ ವಿದ್ಯೆ. ಹೊಟ್ಟೆಗೆ ಮಣ್ಣಿನ ಪಟ್ಟಿ, ಬೆನ್ನಿಗೆ ತಣ್ಣೀರ ಬಟ್ಟೆ, ಊಟಕ್ಕೆ ಪಥ್ಯ, ಎಲ್ಲವೂ ಇತ್ತು. ಆದರೆ ಜನ ಬರುತ್ತಿದ್ದುದು ಅವರ ಕೈಗಾಗಿ. ಅವರು ತಿಕ್ಕುತ್ತಿರಲಿಲ್ಲ, ಗುದ್ದುತ್ತಿರಲಿಲ್ಲ. ನೋವಿದ್ದ ಕಡೆ ಅಂಗೈ ಇಟ್ಟು, ಬಂದವರ ಉಸಿರು ನಿಧಾನವಾಗುವ ತನಕ ಕಾದು, ಆಮೇಲೆ ಕೂಸಿನ ಮೈ ಸವರಿದ ಹಾಗೆ ಸವರುತ್ತಿದ್ದರು. ಅದಕ್ಕೇ ಊರವರು ಅವರನ್ನು ‘ಸವರೋ ಅಮ್ಮ’ ಎನ್ನುತ್ತಿದ್ದರು.

“ಆಯಮ್ಮ ಏನ್ ಮಾಡ್ತಾಳೋ ಶಿವನಿಗೇ ಗೊತ್ತು ಕಣೇ. ಬೆಣ್ಣೆ ಸವರಿದಂಗೆ ಸವರ್ತಾಳೆ. ಬಸ್ ಹತ್ತೋ ಹೊತ್ಗೆ ನೋವೇ ಇರಾಕಿಲ್ಲ,” ಎಂದು ಅಮೃತಾಪುರದ ವಿಶಾಲಾಕ್ಷಮ್ಮ ಜಗಲಿಯ ಮೇಲೆ ಕೂತು ಎಲ್ಲರಿಗೂ ಸಾರುತ್ತಿದ್ದಳು. ವಾರಕ್ಕೊಮ್ಮೆ ಸೊಂಟ ಹಿಡಿದುಕೊಂಡು ಬರುವವಳು ಅವಳು. ಬಾಯಿ ಮಾತ್ರ ಯಾವತ್ತೂ ಹಿಡಿದುಕೊಂಡಿರಲಿಲ್ಲ.

ಅವತ್ತೂ ಅವಳು ಜಗಲಿಯ ಮೇಲಿದ್ದಳು. ಒಳಗೆ ಚಾಪೆಯ ಮೇಲೆ ಮಲಗಿದ್ದವಳು ಅಜ್ಜಂಪುರದ ಕಾಶಮ್ಮ. ರೈಲ್ವೆ ಸ್ಟೇಷನ್ ಹತ್ತಿರ ಅವಳದೂ ಅವಳ ಗಂಡ ಬೆನಕಪ್ಪನದೂ ಒಂದು ಖಾನಾವಳಿ. ದಿನಕ್ಕೆ ನೂರಕ್ಕೆ ಕಮ್ಮಿಯಿಲ್ಲದಂತೆ ಜೋಳದ ರೊಟ್ಟಿ ತಟ್ಟುವ ಕೈ. ಬಲಮೊಣಕೈಯಲ್ಲಿ ಸೆಳೆತ, ಕಿರುಬೆರಳಲ್ಲಿ ಜುಮುಜುಮು. ರೊಟ್ಟಿ ತಟ್ಟಿ ತಟ್ಟಿ ಹೀಗಾಗಿದೆ ಎಂದುಕೊಂಡು ಇದು ಮೂರನೇ ಸಲ ಬಂದಿದ್ದಳು. ಬೆನಕಪ್ಪ ಗೋಡೆಗೆ ಒರಗಿ ಕೂತಿದ್ದ.

ಹಿಂದಿನ ಎರಡು ಸಲ ಮಲ್ಲಿಕಾಂಬ ಭುಜ, ಮೊಣಕೈ ಮಾತ್ರ ನೋಡಿದ್ದರು. ಈ ಸಲ ಬಳೆ ತೆಗೆಸಿ ಕೆಳಗಿನ ತನಕ ಸವರುತ್ತ ಬಂದರು.

“ಕಣ್ಣು ಮುಚ್ಕೊಳವ್ವಾ. ಮೈ ಸಡಿಲ ಬಿಡು.”

ಕಾಶಮ್ಮ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾಯಿತು.

“ಯಾಕಕ್ಕಾ, ನಿಲ್ಲಿಸ್ಬಿಟ್ರಿ?”

ಮಲ್ಲಿಕಾಂಬ ನಿಲ್ಲಿಸಿರಲಿಲ್ಲ. ಅವರ ಬೆರಳುಗಳು ಕಾಶಮ್ಮನ ಮುಂಗೈ ಮೇಲೆ ಇನ್ನೂ ಆಡುತ್ತಲೇ ಇದ್ದವು.

ಅವರು ಬಗ್ಗಿ ನೋಡಿದರು. ಮುಂಗೈ ಹೊರಮಗ್ಗುಲಲ್ಲಿ ಎರಡು ಬೆರಳಗಲದ ಒಂದು ಮಾಸಲು ಮಚ್ಚೆ. ಅಕ್ಕಪಕ್ಕದ ಚರ್ಮಕ್ಕಿಂತ ಕೊಂಚ ಬಿಳಿಚಿಕೊಂಡಿತ್ತು. ಮೈಯೆಲ್ಲ ಬೆವರಿದ್ದರೂ ಅಲ್ಲಿ ಮಾತ್ರ ಪಸೆಯಿರಲಿಲ್ಲ. ದೇವರ ದೀಪಕ್ಕೆ ಹೊಸೆದಿಟ್ಟಿದ್ದ ಬತ್ತಿಯಿಂದ ಒಂದೆಳೆ ಹತ್ತಿ ಕಿತ್ತುಕೊಂಡರು.

“ಕಣ್ಣು ತೆಗೀಬ್ಯಾಡ. ಮುಟ್ಟಿದ ಕೂಡ್ಲೆ ಹೂಂ ಅನ್ನು.”

ರಟ್ಟೆಯ ಮೇಲೆ ಹತ್ತಿ ತಾಗಿತು. “ಹೂಂ.” ಅಂಗೈ ಮೇಲೆ ತಾಗಿತು. “ಹೂಂ.” ಮಚ್ಚೆಯ ಮೇಲೆ ತಾಗಿತು. ಕಾಶಮ್ಮ ಸುಮ್ಮನಿದ್ದಳು. ಇನ್ನೊಮ್ಮೆ ತಾಗಿತು. ಆಗಲೂ ಸುಮ್ಮನಿದ್ದಳು. ಹೆಬ್ಬೆರಳಿಟ್ಟು ಒತ್ತಿದಾಗ ಮಾತ್ರ, “ಹೂಂ, ಈಗ ಒತ್ತಿದ್ರಿ,” ಎಂದಳು. ಗಟ್ಟಿ ಕೈಯವರು ಯಾರಾದರೂ ತಿಕ್ಕಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಮೊಣಕೈ ಹಿಂದೆ ಮೆಲ್ಲಗೆ ತಡವಿದರು. ಅಲ್ಲಿಯ ನರ ಹಗ್ಗದ ಹುರಿಯ ಹಾಗೆ ದಪ್ಪಗಾಗಿ ಬೆರಳಿಗೆ ಸಿಕ್ಕಿತು. ಕಿರುಬೆರಳ ಪಕ್ಕ ಒಂದು ಸುಟ್ಟ ಗಾಯ ಬೇರೆ ಇತ್ತು.

“ಇದೇನವ್ವಾ?”

“ಹಂಚು ತಗುಲಿರ್ಬೇಕು. ನಂಗೆ ಗೊತ್ತೇ ಆಗ್ಲಿಲ್ಲ ಕಣಕ್ಕಾ. ಇವ್ರೇ ನೋಡಿ ಹೇಳಿದ್ದು.”

ಮಲ್ಲಿಕಾಂಬ ಹತ್ತಿಯ ಎಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು. ಇಂಥದೇ ಮಚ್ಚೆಯನ್ನು ಅವರು ಹಿಂದೆ ಒಂದು ಸಲ ನೋಡಿದ್ದರು.

“ನಾನು ಡಾಕ್ಟರಲ್ಲ ಕಾಶಮ್ಮಾ. ಆದ್ರೆ ಇದು ನನ್ನ ಕೈಯಿಂದ ಹೋಗೋ ನೋವಲ್ಲ. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸ್ಬೇಕು.”

ಕಾಶಮ್ಮ ಎದ್ದು ಕೂತಳು. “ದೊಡ್ಡ ರೋಗಾನಾ ಅಕ್ಕಾ?”

“ಕುಷ್ಠದ ಅನುಮಾನ ಐತೆ.”

“ಬಾಯಿಗೆ ಬಂದಂಗೆ ಮಾತಾಡ್ಬ್ಯಾಡ್ರಿ!” ಬೆನಕಪ್ಪ ಎದ್ದು ನಿಂತ. “ಅದು ಚಿಬ್ಬು ಕಣ್ರೀ, ಬೆವರಿಗೆ ಆಗಿರೋದು. ನಮ್ಮ ವಂಶದಾಗೆ ಯಾರಿಗೂ ಆ ರೋಗ ಇಲ್ಲ. ಆಸ್ಪತ್ರೇಲಿ ಹೆಸರು ಬರೆಸಿದ್ರೆ ಸಂಜೆ ಹೊತ್ಗೆ ಅಜ್ಜಂಪುರಕ್ಕೆಲ್ಲ ಗೊತ್ತಾಗ್ತದೆ. ಆಮೇಲೆ ನಮ್ಮ ರೊಟ್ಟೀನ ನಾಯೀನೂ ಮೂಸಾಕಿಲ್ಲ. ಏಳೇ, ಹೋಗಾನ.”

ಕಾಶಮ್ಮ ಏಳಲಿಲ್ಲ. ಮಲ್ಲಿಕಾಂಬರ ಎರಡೂ ಕೈ ಹಿಡಿದುಕೊಂಡಳು. “ಅಕ್ಕಾ, ನಿಮ್ಮ ಕೈಗುಣ ದೊಡ್ಡದು. ಯಾರಿಗೂ ಹೇಳ್ಬ್ಯಾಡ್ರಿ. ನೀವೇ ಮಣ್ಣು ಹಾಕಿ, ಸವರಿ, ವಾಸಿ ಮಾಡಿ. ಬೇಕಾದ್ರೆ ದಿನಾ ಬತ್ತೀನಿ.”

ನೀವೇ ವಾಸಿ ಮಾಡಿ! ಈ ಮಾತನ್ನು ಮಲ್ಲಿಕಾಂಬ ಹನ್ನೆರಡು ವರ್ಷದ ಹಿಂದೆ ಕೇಳಿದ್ದರು. ಆವತ್ತು ಹೇಳಿದವಳು ಒಡಹುಟ್ಟಿದ ತಂಗಿ ತೀರ್ಥಮ್ಮ. ಕಡೂರಿಗೆ ಕೊಟ್ಟಿದ್ದ ಹುಡುಗಿ, ಕೈಮೇಲೆ ಒಂದು ಮಚ್ಚೆಯಾಗಿದೆ ಎಂದು ಅಕ್ಕನ ಹತ್ತಿರ ಬಂದಿದ್ದಳು. ಮಲ್ಲಿಕಾಂಬ ಆಗತಾನೆ ಆಶ್ರಮದಿಂದ ಬಂದಿದ್ದರು. ಪ್ರಕೃತಿ ವಾಸಿ ಮಾಡದ ರೋಗವೇ ಇಲ್ಲ ಎಂಬ ಹುಮ್ಮಸ್ಸು. ಆಸ್ಪತ್ರೆಯ ಮಾತ್ರೆ ಎಂದರೆ ವಿಷ ಎನ್ನುತ್ತಿದ್ದರು. ಒಂದೂವರೆ ವರ್ಷ ಮಣ್ಣು ಹಾಕಿದರು. ತಂಗಿಯ ಬೆರಳು ಒಂದೊಂದಾಗಿ ಮುದುಡಿಕೊಂಡವು. ಆಮೇಲೆ ಆಸ್ಪತ್ರೆಗೆ ಓಡಿದರು. ಮಾತ್ರೆಯಿಂದ ರೋಗ ನಿಂತಿತು, ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಕಡೂರಿನವರು ಸೊಸೆಯನ್ನು ಅಕ್ಕನ ಮನೆಯಲ್ಲೇ ಬಿಟ್ಟು, ತಿರುಗಿಯೂ ನೋಡಲಿಲ್ಲ.

ಅಂದಿನಿಂದ ತೀರ್ಥಮ್ಮ ಇದೇ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಕೇಳಿದವರಿಗೆಲ್ಲ ಮಲ್ಲಿಕಾಂಬ, “ಯಾವುದೋ ಮಠದಲ್ಲಿ ದಾಸೋಹದ ಸೇವೆಗೆ ಸೇರ್ಕೊಂಡಿದಾಳೆ,” ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ತಂಗಿಯ ಕೈಯನ್ನು ನೀರಲ್ಲಿ ನೆನೆಸಿ, ಎಣ್ಣೆ ಸವರಿ, ಮುದುಡಿದ ಬೆರಳನ್ನು ಮೆಲ್ಲಗೆ ಬಿಡಿಸಿ, ಆ ಅಂಗೈಯಲ್ಲಿ ಇಷ್ಟಲಿಂಗವನ್ನು ತಾವೇ ಇಟ್ಟು ಪೂಜೆ ಮಾಡಿಸುತ್ತಿದ್ದರು. ಬಾಗಿಲು ಹಾಕಿಕೊಂಡೇ ಇದೆಲ್ಲ ನಡೆಯುತ್ತಿತ್ತು. ತಂಗಿ ಹೊರಗೆ ಕಂಡರೆ ಜಗಲಿ ಖಾಲಿಯಾಗುತ್ತದೆ, ಇಬ್ಬರ ಹೊಟ್ಟೆಪಾಡೂ ಹೋಗುತ್ತದೆ ಎಂಬ ಹೆದರಿಕೆ.

ಬೆನಕಪ್ಪ ಹೆಂಡತಿಯ ತೋಳು ಹಿಡಿದು ಹೊಸಿಲ ತನಕ ಎಳೆದುಕೊಂಡು ಹೋಗಿದ್ದ. ಇವರು ಈಗ ಹೋದರೆ ಆಸ್ಪತ್ರೆಗೆ ಹೋಗುವುದಿಲ್ಲ. ಇನ್ನೊಂದು ವರ್ಷಕ್ಕೆ ಈ ಕೈ ರೊಟ್ಟಿ ತಟ್ಟುವುದಿಲ್ಲ. ಮಲ್ಲಿಕಾಂಬರಿಗೆ ಅದು ಗೊತ್ತಿತ್ತು. ಜಗಲಿಯ ಮೇಲೆ ವಿಶಾಲಾಕ್ಷಮ್ಮ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಾಳೆ ಎಂಬುದೂ ಗೊತ್ತಿತ್ತು.

ಹಿಂದಿನ ಕೋಣೆಯ ಅಗುಳಿ ತೆಗೆದರು.

“ತೀರ್ಥಾ, ಹೊರಗೆ ಬಾರವ್ವಾ.”

ತೀರ್ಥಮ್ಮ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದು ನಿಂತಳು. ಎಲ್ಲ ಅವಳಿಗೆ ಒಳಗೇ ಕೇಳಿಸಿತ್ತು. ಸೆರಗಿನೊಳಗಿಂದ ಎರಡೂ ಕೈ ತೆಗೆದು ಚಾಚಿದಳು. ಬೆರಳೆಲ್ಲ ಒಳಕ್ಕೆ ಬಾಗಿದ್ದವು.

“ನೋಡು ತಾಯಿ. ನಂದೂ ನಿನ್ನಷ್ಟೇ ಸಣ್ಣ ಮಚ್ಚೆ. ನಮ್ಮಕ್ಕ ಮಣ್ಣು ಹಾಕಿದ್ಲು. ಬೇವಿನ ನೀರು ಎರೆದ್ಲು. ಉಪ್ಪು ಬಿಡಿಸಿದ್ಲು. ದಿನಾ ಸವರಿದ್ಲು. ನಮ್ಮಕ್ಕನ ಕೈ ಬಲು ಹಗುರ ಕಣವ್ವಾ. ಆದ್ರೆ ನಂಗೆ ಬೇಕಾಗಿದ್ದಿದ್ದು ಮಾತ್ರೆ.”

ಇಷ್ಟು ವರ್ಷದಲ್ಲಿ ಅವಳು ಈ ಮಾತನ್ನು ಒಂದು ದಿನವೂ ಆಡಿರಲಿಲ್ಲ. ಮಲ್ಲಿಕಾಂಬ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತುಬಿಟ್ಟರು.

“ಹೌದು ಕಣೇ. ನಾನೇ ಕೆಡಿಸಿದ್ದು. ನನ್ನ ಕೈ ಮೇಲೆ ನಂಗೆ ಅಷ್ಟು ಸೊಕ್ಕು ಇತ್ತು.”

ಕಾಶಮ್ಮ ತನ್ನ ಕೈಯನ್ನೂ ತೀರ್ಥಮ್ಮನ ಕೈಯನ್ನೂ ನೋಡಿದಳು. ಗಂಡನ ಹಿಡಿತ ಬಿಡಿಸಿಕೊಂಡಳು. “ಇವ್ರೇ, ರೊಟ್ಟಿ ನಾಯಿ ಮೂಸ್ದೇ ಇದ್ರೂ ಚಿಂತಿಲ್ಲ. ನನ್ನ ಬೆರಳು ಹೋದ್ರೆ ತಟ್ಟೋರು ಯಾರು? ನಾನು ಆಸ್ಪತ್ರೆಗೆ ಹೋಗ್ತೀನಿ. ಬಂದ್ರೆ ಬರ್ರಿ.”

ಬೆನಕಪ್ಪ ಚಪ್ಪಲಿ ಮೆಟ್ಟಿ ಅವಳ ಹಿಂದೆ ಹೊರಟ. ಜಗಲಿಯ ಮೇಲೆ ವಿಶಾಲಾಕ್ಷಮ್ಮ ಇರಲಿಲ್ಲ. ಅವಳು ತಂದಿದ್ದ ಎಣ್ಣೆ ಬಾಟಲಿ ಅಲ್ಲೇ ಉಳಿದಿತ್ತು.

ಆಸ್ಪತ್ರೆಯಲ್ಲಿ ಕುಷ್ಠರೋಗದ ಕೆಲಸ ನೋಡಿಕೊಳ್ಳುತ್ತಿದ್ದವರು ರಾಮಯ್ಯ. ಸೈಕಲ್ ಮೇಲೆ ಊರೂರು ಸುತ್ತಿ ಮಚ್ಚೆ ಹುಡುಕುವ ಮನುಷ್ಯ. ಅವರೂ ಬಾಲ್‌ಪೆನ್ನಿನ ತುದಿಯಿಂದ ಮುಟ್ಟಿ ನೋಡಿದರು, ಮೊಣಕೈ ನರ ತಡವಿದರು. ಡಾಕ್ಟರೂ ನೋಡಿ ಹೌದೆಂದರು. ಕಾಶಮ್ಮ ಅಳಲಿಲ್ಲ, ಬೆನಕಪ್ಪ ಅತ್ತ.

“ಇದು ಹೋದ ಜನ್ಮದ ಪಾಪ ಅಂತಾರಲ್ಲ ಸಾರ್?”

“ಯಾವ ಪಾಪಾನೂ ಅಲ್ಲ ಕಣಪ್ಪಾ,” ಎಂದರು ರಾಮಯ್ಯ. “ಕ್ಷಯಕ್ಕೆ ಇರೋ ಹಂಗೆ ಇದಕ್ಕೂ ಒಂದು ರೋಗಾಣು. ವಂಶದಿಂದ ಬರೋದೂ ಅಲ್ಲ. ನಿಮ್ಮ ಮನೆ ಮಕ್ಕಳನ್ನೂ ಕರ್ಕೊಂಬಂದು ಒಂದ್ಸಲ ತೋರಿಸ್ಬಿಡಿ.”

“ಅವಳ ತಟ್ಟೆ, ಚಾಪೆ ಬೇರೆ ಮಾಡ್ಬೇಕಾ?”

“ಏನೂ ಬೇಡ. ಮಾತ್ರೆ ಶುರುವಾದ ಮೇಲೆ ಹರಡೋದು ನಿಂತೋಗ್ತದೆ.”

“ರೊಟ್ಟಿ?”

“ರೊಟ್ಟಿ ತಿಂದ್ರೆ ಬರೋ ರೋಗ ಅಲ್ಲ. ಧೈರ್ಯವಾಗಿ ತಟ್ಟಲಿ. ಮಾತ್ರೆ ಪುಕ್ಕಟೆ ಕೊಡ್ತೀವಿ. ಡಾಕ್ಟರು ಸಾಕು ಅನ್ನೋ ತನಕ ಒಂದು ದಿನಾನೂ ತಪ್ಪಿಸಬಾರದು, ಅಷ್ಟೆ.”

“ಸ್ಪರ್ಶ ವಾಪಸ್ ಬರ್ತದಾ?” ಎಂದಳು ಕಾಶಮ್ಮ.

ರಾಮಯ್ಯ ಮಾತ್ರೆಯ ಪೊಟ್ಟಣ ಅವಳ ಕೈಗಿಟ್ಟರು. “ಸುಳ್ಳು ಹೇಳಲ್ಲ ತಾಯಿ. ಬರದೆಯೂ ಇರಬಹುದು. ಆದ್ರೆ ಬೇಗ ಬಂದಿದೀರ. ಬೆರಳು ಉಳಿಸ್ಕೋಬಹುದು. ಇನ್ಮೇಲೆ ಒಲೆ ಮುಂದೆ ಕೂತಾಗ ಕೈಗೆ ಬಟ್ಟೆ ಸುತ್ತಿಕೊಳ್ಳಿ, ಇಕ್ಕಳ ಹಿಡ್ಕೊಳ್ಳಿ.”

ಆ ವಾರವೇ ಸುದ್ದಿ ಅಮೃತಾಪುರದಿಂದ ಅಜ್ಜಂಪುರದವರೆಗೂ ಹರಡಿತು. ಹೇಗೆ ಹರಡಿತು ಎಂದು ನಾನು ಹೇಳಬೇಕಾಗಿಲ್ಲ. ಖಾನಾವಳಿಗೆ ಬರುವವರು ಅರ್ಧಕ್ಕರ್ಧ ಕಮ್ಮಿಯಾದರು. ಮಲ್ಲಿಕಾಂಬರ ಜಗಲಿಯಂತೂ ಬಿಕೋ ಎಂದಿತು. ವರ್ಷಗಟ್ಟಲೆ ಅವರ ಕೈಯಿಂದ ಸುಖ ಪಡೆದವರು ಬೀದಿಯ ಆ ಮಗ್ಗುಲಿಂದ ಹಾದುಹೋದರು. ರಾಮಯ್ಯ ಮನೆ ಮನೆಗೆ ಹೋಗಿ ಹೇಳಿದ ಮೇಲೆ ನಾಲ್ಕಾರು ಜನ ತಿರುಗಿ ಬಂದರು, ಅಷ್ಟೆ. ಆ ಮನೆಯಲ್ಲಿ ಎಷ್ಟೋ ದಿನ ಒಂದೇ ಹೊತ್ತು ಒಲೆ ಹತ್ತಿತು. ಆದರೆ ಹಿಂದಿನ ಕೋಣೆಗೆ ಅಗುಳಿ ಹಾಕಲಿಲ್ಲ.

ಮರುವರ್ಷ ಕಾಶಮ್ಮ ಹೇಳಿ ಕಳಿಸಿದಳು, ಇಬ್ಬರೂ ಊಟಕ್ಕೆ ಬರಲೇಬೇಕು ಎಂದು. ತೀರ್ಥಮ್ಮ ಎಷ್ಟೋ ವರ್ಷದ ಮೇಲೆ ಬಸ್ಸು ಹತ್ತಿದಳು. ಖಾನಾವಳಿಯಲ್ಲಿ ಆರೇಳು ಜನ ಉಣ್ಣುತ್ತಿದ್ದರು. ಅವಳು ಕೂತು ಕೈ ಹೊರಗೆ ತೆಗೆದಳು. ಎದುರಿಗಿದ್ದವನೊಬ್ಬ ಅರ್ಧ ತಟ್ಟೆ ಬಿಟ್ಟು ಎದ್ದುಹೋದ.

ಬೆನಕಪ್ಪ ಅವನನ್ನು ಕರೆಯಲಿಲ್ಲ. ಆ ಜಾಗ ಒರೆಸಿ, ತನಗೊಂದು ತಟ್ಟೆ ಇಟ್ಟುಕೊಂಡು, ತೀರ್ಥಮ್ಮನ ಎದುರಿಗೆ ತಾನೇ ಕೂತ. ಅವಳ ರೊಟ್ಟಿಯನ್ನು ಸಣ್ಣ ಸಣ್ಣದಾಗಿ ಮುರಿದು ಎಣಗಾಯಿ ಪಲ್ಯದ ಜೊತೆಗಿಟ್ಟ. “ಉಣ್ಣಕ್ಕಾ.”

“ನಾಕು ಜನದ ಜೊತೆ ಕೂತು ಉಂಡು ಹನ್ನೆರಡು ವರ್ಷ ಆಗಿತ್ತು ಕಣಪ್ಪಾ,” ಎಂದಳು ತೀರ್ಥಮ್ಮ.

ಮಲ್ಲಿಕಾಂಬ ತಲೆಯೆತ್ತಿ ನೋಡಿದರು. ಒಲೆಯ ಮುಂದೆ ಕಾಶಮ್ಮ ಕೂತಿದ್ದಳು. ಬಲಗೈಯ ಐದೂ ಬೆರಳು ನೆಟ್ಟಗೆ ಹರಡಿಕೊಂಡು ಟಪಟಪ ರೊಟ್ಟಿ ತಟ್ಟುತ್ತಿದ್ದವು. ಈ ಕಡೆ ತಂಗಿ ಬಾಗಿದ ಬೆರಳ ಸಂದಿಯಲ್ಲಿ ಒಂದು ಚೂರು ಹಿಡಿಯಲು ಹೆಣಗುತ್ತಿದ್ದಳು. ಇಬ್ಬರದೂ ಒಂದೇ ಅಗಲದ ಮಚ್ಚೆ. ಒಬ್ಬಳನ್ನು ಅದೇ ದಿನ ಆಸ್ಪತ್ರೆಗೆ ಕಳಿಸಿದ್ದರು. ಇನ್ನೊಬ್ಬಳನ್ನು ಒಂದೂವರೆ ವರ್ಷ ಮನೆಯಲ್ಲೇ ಇಟ್ಟುಕೊಂಡಿದ್ದರು.

ಅಮ್ಮಂದಿರೇ, ಅಪ್ಪಂದಿರೇ, ಮೈ ನೋವಿಗೆ ಸವರಿಸಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ನೋವಿಲ್ಲದ, ತುರಿಕೆಯಿಲ್ಲದ, ಮುಟ್ಟಿದರೆ ಗೊತ್ತಾಗದ ಮಚ್ಚೆಗೆ ಮಣ್ಣು ಹಾಕಬೇಡಿ, ಹರಕೆ ಹೊರಬೇಡಿ, ಸೆರಗು ಮುಚ್ಚಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಮಾತ್ರೆ ನುಂಗುತ್ತಿರುವವರ ಪಕ್ಕದಲ್ಲಿ ಕೂತು ಊಟ ಮಾಡಿ. ಮತ್ತೆ, ಈ ಕಥೆ ಅಚ್ಚಾದ ಹಾಳೆಯನ್ನು ಮಡಚಿಡುವ ಮುಂಚೆ ದೀಪದ ಬತ್ತಿಯಿಂದ ಒಂದೆಳೆ ಹತ್ತಿ ಕಿತ್ತುಕೊಳ್ಳಿ. ಮನೆಯವರನ್ನೆಲ್ಲ ಬೆಳಕಿಗೆ ಕರೆದು, ಕಣ್ಣು ಮುಚ್ಚಿಸಿ, ಮೈಮೇಲೆ ಮಚ್ಚೆ ಇದ್ದ ಕಡೆ ಹಗುರಾಗಿ ಮುಟ್ಟಿ. ಹೂಂ ಅನ್ನದಿದ್ದರೆ ಅವರನ್ನು ಇವತ್ತೇ ಕರೆದುಕೊಂಡು ಹೊರಡಿ.