ಮಗಳ ತಪ್ಪಿಗೆ ಅಮ್ಮಿಯ ಸಾಕ್ಷಿ

ಹೊಲಿಗೆಮನೆಯಲ್ಲಿ ತಪ್ಪು ಯಾರದಾದರೂ ಬೈಗುಳ ಮಾತ್ರ ಹೊಸಬರಿಗೇ. ಅಂದೂ ಹಾಗೇ ಆಯಿತು. ಹೊಲಿದು ತೂಗುಹಾಕಿದ್ದ ಮಖಮಲ್ ಫ್ರಾಕುಗಳಲ್ಲಿ ಒಂದು ಪಟ್ಟಿ ಕಪ್ಪಗೆ, ಪಕ್ಕದ್ದು ತಿಳಿಯಾಗಿ ಕಾಣುತ್ತಿತ್ತು. ಒಂದೇ ಬಟ್ಟೆ, ಎರಡು ಬಣ್ಣ!

"ಯಾರು ಮಾಡಿದ್ದು?" ಮಾಲೀಕರು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಹೊಲಿದವಳು ಕೆಲಸಕ್ಕೆ ಸೇರಿ ಹದಿನೈದು ದಿನವಾಗಿದ್ದ ಹೊಸಬಳು. "ನಾಳೆಯಿಂದ ಬರಬೇಡಮ್ಮ," ಎಂದುಬಿಟ್ಟರು.

ಅಲ್ಲಿನ ಹಿರಿಯ ಹೊಲಿಗೆಗಾತಿ, ಎಲ್ಲರೂ ಅಮ್ಮಿ ಎಂದೇ ಕರೆಯುವವಳು, ತಲೆ ಎತ್ತಲಿಲ್ಲ. ಅವಳಿಗೆ ಎಲ್ಲಾ ಗೊತ್ತಿತ್ತು. ಮಖಮಲ್ಲಿನ ಜುಂಗು, ಅಂದರೆ ಮೇಲಿನ ನವಿರು ಎಳೆಗಳು, ಒಂದೇ ದಿಕ್ಕಿಗೆ ಬರುವಂತೆ ಪಟ್ಟಿಗಳನ್ನು ಕತ್ತರಿಸಬೇಕು; ತಿರುಗಿದರೆ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಬಟ್ಟೆ ಉಳಿಸಲು ಹೋಗಿ ಅರ್ಧ ಪಟ್ಟಿಗಳನ್ನು ತಲೆಕೆಳಗಾಗಿ ಕತ್ತರಿಸಿದ್ದು ಅವಳ ಮಗಳೇ. ಆ ಮಗಳೀಗ ಹೇಳಬೇಡ ಎಂಬಂತೆ ಮೇಜಿನ ಕೆಳಗೆ ಅಮ್ಮಿಯ ಕಾಲನ್ನು ತನ್ನ ಕಾಲಿನಿಂದ ಒತ್ತುತ್ತಿದ್ದಳು.

ಮಧ್ಯಾಹ್ನದ ನಮಾಜು ಮುಗಿಯಿತು. ಗುಂಡಿಗೆ ಕಾಜಾ ಹಾಕುವ ಖಾಲಾ, ಎಲ್ಲರಿಗೂ ಚಿಕ್ಕಮ್ಮನಂತಿದ್ದವಳು, ಅಮ್ಮಿಯ ಪಕ್ಕಕ್ಕೆ ಬಂದು ಕೂತಳು. ಸಂಜೆ ಹೊತ್ತು ಹೆಣ್ಣುಮಕ್ಕಳಿಗೆ ದೀನಿನ, ಅಂದರೆ ಧರ್ಮದ, ಪಾಠ ಹೇಳಿಕೊಡುವವಳು ಅವಳು.

"ಯಾಕೆ, ಮುಖ ಹೀಗೆ ಬಾಡಿದೆ?"

ಅಮ್ಮಿ ಪಿಸುದನಿಯಲ್ಲಿ ಎಲ್ಲ ಹೇಳಿದಳು. "ಕತ್ತರಿ ಕೈಗೆ ಸಿಗೋಕೆ ನನ್ನ ಮಗಳು ಎರಡು ವರ್ಷ ಬರೀ ದಾರ ಕತ್ತರಿಸಿದ್ದಾಳೆ ಖಾಲಾ. ಆ ಹೊಸಬಳಾದ್ರೆ ನಮ್ಮವಳಲ್ಲ. ಬೇರೆ ಕಡೆ ಕೆಲಸ ಸಿಗುತ್ತೆ ಬಿಡು."

"ನಮ್ಮ ಧರ್ಮದವಳಲ್ಲ ಅಂತಾನಾ?"

ಅಮ್ಮಿ ಕೈಯಲ್ಲಿದ್ದ ಬಟ್ಟೆ ಮಡಿಸತೊಡಗಿದಳು.

"ನಮ್ಮೋರಿಗೆ ಅಂತ ಬೇರೆ ಕಟ್ಟಿಡೋಕೆ ನ್ಯಾಯ ಏನು ಬುತ್ತಿನಾ? ಸಾಕ್ಷಿ ನಿನ್ನ ವಿರುದ್ಧ ಹೋದ್ರೂ, ನಿನ್ನ ರಕ್ತಸಂಬಂಧಿಗಳ ವಿರುದ್ಧ ಹೋದ್ರೂ ನ್ಯಾಯದ ಪರ ನಿಲ್ಲು ಅಂತ ಅಲ್ಲಾಹನ ಅಪ್ಪಣೆ. ಆಗದವರಿಗೂ ಅನ್ಯಾಯ ಮಾಡಬೇಡ ಅಂದಿದ್ದಾನೆ. ಇವಳೋ, ಬೆಳಿಗ್ಗೆ ತಾನೇ ನಿನ್ನ ಸೂಜಿಗೆ ದಾರ ಪೋಣಿಸಿಕೊಟ್ಟವಳು!"

"ಹೆತ್ತ ಕರುಳು, ಖಾಲಾ..."

"ಕರುಳಿಗೆ ಕಷ್ಟ ಆಗುತ್ತೆ ಅಂತ ಗೊತ್ತಿದ್ದೇ ಅಲ್ವಾ ಅವನು ಅಷ್ಟು ಬಿಡಿಸಿ ಹೇಳಿದ್ದು? ನೀನು ಸುಮ್ಮನಿದ್ರೆ ಮಗಳಿಗೆ ಕತ್ತರಿ ಉಳಿಯುತ್ತೆ, ನಿಜ. ಆದ್ರೆ ಅವಳು ಏನು ಕಲೀತಾಳೆ?"

ಅಮ್ಮಿ ಎದ್ದಳು. ಮಗಳು ನಲ್ಲಿಯ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದಳು.

"ಹೇಳಿಬಿಡ್ತೀಯಾ ಅಮ್ಮಿ?"

"ಹೇಳ್ತೀನಿ. ನಿನ್ನ ಕೈ ಹಿಡ್ಕೊಂಡೇ ಹೇಳ್ತೀನಿ."

"ಒಂದಿಷ್ಟು ಬಟ್ಟೆ ಉಳಿಸೋಣ ಅಂತ ಮಾಡಿದ್ದೆ..." ಮಗಳು ತೊಳೆದ ಡಬ್ಬಿಯನ್ನೇ ಮತ್ತೆ ತೊಳೆದಳು.

"ನನಗೆ ಗೊತ್ತು, ಕಂದ."

ಮಾಲೀಕರ ಮುಂದೆ ಅಮ್ಮಿ ಬಾಯಿ ತೆರೆಯುವಷ್ಟರಲ್ಲಿ ಮಗಳೇ ಹೇಳಿದಳು: "ಪಟ್ಟಿ ತಿರುಗಿಸಿ ಕತ್ತರಿಸಿದ್ದು ನಾನು."

"ನನಗೂ ಗೊತ್ತಿತ್ತು. ಬಾಯಿ ಮುಚ್ಕೊಂಡಿದ್ದು ನನ್ನ ತಪ್ಪು," ಎಂದಳು ಅಮ್ಮಿ.

ಮಾಲೀಕರು ಸಿಡಿಮಿಡಿಗೊಂಡರು. ಮಗಳು ಮೂರು ತಿಂಗಳು ಕತ್ತರಿಸುವ ಮೇಜಿನ ಹತ್ತಿರ ಸುಳಿಯಬಾರದು ಎಂದರು. ಆಮೇಲೆ ಬಾಗಿಲಲ್ಲಿ ಹೊರಟು ನಿಂತಿದ್ದ ಹೊಸಬಳ ಕಡೆ ತಿರುಗಿ, "ನೀನು ಎಲ್ಲಿಗೂ ಹೋಗಬೇಡಮ್ಮ," ಎಂದರು.

ಹೊಸಬಳು ಹೆಗಲಿನ ಚೀಲ ಇಳಿಸಿದಳು. ಕಣ್ಣೊರೆಸಿಕೊಂಡು, ಹೊಲಿಗೆ ಬಿಚ್ಚಲು ಕೂತಿದ್ದ ಮಗಳ ಪಕ್ಕಕ್ಕೆ ಬಂದಳು.

"ಸ್ವಲ್ಪ ಜರುಗೇ. ತಿರುಗಿದ ಪಟ್ಟಿಗಳನ್ನೆಲ್ಲ ಆರಿಸಿ ಒಂದೇ ಫ್ರಾಕಿಗೆ ಹಾಕಿದ್ರೆ, ಬಣ್ಣ ಒಂದೇ ಥರ ಕಾಣುತ್ತೆ ಅಲ್ವಾ?"

ಅಕ್ಕಂದಿರೇ, ಅಣ್ಣಂದಿರೇ, ನಮಾಜಿನ ಚಾಪೆ ಮಡಿಸಿಟ್ಟ ಮಾತ್ರಕ್ಕೆ ನಮ್ಮ ಇಬಾದತ್ತು, ಅಂದರೆ ದೇವರ ಆರಾಧನೆ, ಮುಗಿಯುವುದಿಲ್ಲ. ನ್ಯಾಯವಾಗಿ ನಡೆಯುವುದೂ ಇಬಾದತ್ತೇ. ನಿಮ್ಮ ಒಂದು ಮಾತಿನಿಂದ ತಪ್ಪಿಲ್ಲದವರ ತಲೆಯ ಮೇಲಿನ ಹೊರೆ ಇಳಿಯುವುದಾದರೆ, ಆ ಮಾತನ್ನು ಇವತ್ತೇ ಆಡಿ. ಅವರು ನಿಮ್ಮವರೋ ಅಲ್ಲವೋ ಎಂದು ನೋಡುತ್ತ ನಿಲ್ಲಬೇಡಿ.