ಮಾರಿಸ್ ಮೈನರಿನ ಎಡಗೈ

ಮದುವೆಗೆ ಮುಂಚೆ ಫಿಲಿಪ್ ನನ್ನನ್ನು ನೋಡಲು ಬಂದದ್ದು ಒಂದೇ ಸಲ. ಅದೇ ಅವನ ಮಾರಿಸ್ ಮೈನರ್ ಕಾರಿನ ಬಾಗಿಲಿನ ಒಂದು ಹಿಡಿಗಾಗಿ ಕೊಯಮತ್ತೂರಿಗೆ ಮೂರು ಸಲ ಹೋಗಿ ಬಂದಿದ್ದಾನೆ. ನಾನು ಮಾರ್ಗರೇಟ್, ಅವನ ಹೆಂಡತಿ. ಹಾನುಬಾಳಿನ ನಮ್ಮ ಎಸ್ಟೇಟಿನಲ್ಲಿ ಕಾಫಿ ಮೂಟೆ ಇಡಬೇಕಾದ ಸ್ಟೋರಿನಲ್ಲಿ ಆ ಇಂಗ್ಲೆಂಡಿನ ಕಾರು ಠಿಕಾಣಿ ಹೂಡಿದೆ. ನಮ್ಮ ಮಾವ ಕೊಂಡಿದ್ದ ಕಾರು. ಅವರು ಹೋದ ಮೇಲೆ ಇವನಿಗೆ ಅದರ ಹುಚ್ಚು ಹಿಡಿಯಿತು.

ಒಂದೊಂದೇ ಸಾಮಾನು ಹುಡುಕಿ ಹುಡುಕಿ ಕಾರು ಓಡುವ ಹಾಗಾಯಿತು. ಕಾರ್ಬುರೇಟರ್ ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿತು, ಬ್ರೇಕಿನ ರಬ್ಬರು ಇಂಗ್ಲೆಂಡಿನಿಂದಲೇ ಪಾರ್ಸೆಲ್ಲಿನಲ್ಲಿ ಬಂತು. ಕೊನೆಗೆ ಸಿಗದೆ ಉಳಿದದ್ದು ಎಡಗಡೆಯ ಕೈ. ಆ ಕಾಲದ ಕಾರಿಗೆ ಮಿಣಮಿಣ ಎನ್ನುವ ಇಂಡಿಕೇಟರ್ ದೀಪ ಇರಲಿಲ್ಲ. ಬಾಗಿಲ ಹಿಂದಿನ ಕಂಬದ ಸೀಳಿನಲ್ಲಿ ಗೇಣುದ್ದದ ಒಂದು ಕಡ್ಡಿ ಮಡಚಿಕೊಂಡು ಕೂತಿರುತ್ತದೆ. ತಿರುಗುವಾಗ ಸ್ವಿಚ್ ಹಾಕಿದರೆ ಅದು ಹೊರಗೆ ಚಾಚಿ ಹಳದಿಯಾಗಿ ಹೊಳೆಯುತ್ತದೆ. ನಮ್ಮ ಕಾರಿಗೆ ಬಲಗೈ ಇತ್ತು, ಎಡಗೈ ಇರಲಿಲ್ಲ. "ಬಲಗಡೆಗೇ ತಿರುಗಿಕೊಂಡು ಹೋಗು, ಎಲ್ಲಾದರೂ ತಲುಪುತ್ತೀಯ" ಎಂದು ನಾನು ರೇಗಿಸಿದರೆ ಅವನಿಗೆ ನಗು ಬರುತ್ತಿರಲಿಲ್ಲ.

ಆಲೂರು ಕಡೆಯ ಪಾಳ್ಯದಲ್ಲಿ ಅಂಥದ್ದೇ ಒಂದು ಕಾರು ಕೊಟ್ಟಿಗೆಯಲ್ಲಿ ಬಿದ್ದಿದೆ ಎಂದು ಸಕಲೇಶಪುರದ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಹೇಳಿದ. ಮರುದಿನವೇ ಜೀಪಿನಲ್ಲಿ ಹೊರಟೆವು. ಹೆಂಗಸು ಜೊತೆಗಿದ್ದರೆ ಮನೆಯವರು ಬೇಗ ಒಪ್ಪುತ್ತಾರೆಂದು ನನ್ನನ್ನೂ ಎಳೆದುಕೊಂಡು ಹೋದ.

ಮನೆಯ ಯಜಮಾನ ಏಕಾಂತಯ್ಯ, ಎಪ್ಪತ್ತರ ಹತ್ತಿರದವರು, ಹಣೆತುಂಬ ವಿಭೂತಿ. ನಮ್ಮನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ರಾಗಿ ಹುಲ್ಲನ್ನು ಸರಿಸಿದರು. ಬಲಮಗ್ಗುಲು ಪೂರ್ತಿ ಜಜ್ಜಿಹೋದ ಕಾರು ಗೋಡೆಗೆ ಎಡಮಗ್ಗುಲು ಮಾಡಿಕೊಂಡು, ಒಂದು ಸಂದಿಯಷ್ಟೇ ಬಿಟ್ಟು ನಿಂತಿತ್ತು. ಅಷ್ಟರಲ್ಲಿ ಅವರ ಅತ್ತಿಗೆ ತಾಯಮ್ಮ ಒಳಗಿನಿಂದ ಬಂದರು. ಫಿಲಿಪ್ ವಿಷಯ ಹೇಳುತ್ತಿದ್ದ ಹಾಗೆಯೇ ಅವರು ತಲೆಯಾಡಿಸಿದರು.

"ಬ್ಯಾಡ ಸಾವ್ಕಾರ್ರೇ. ತಾವಾಗೇ ಪ್ರಾಣ ಕಳ್ಕಂಡೋರ ಗಾಡಿ ಅದು. ಅದ್ರ ಒಂದು ಮೊಳೇನೂ ಇನ್ನೊಬ್ರ ಮನೆಗೆ ಹೋಗ್ಬಾರ್ದು."

ನಾವು ಕೇಳದಿದ್ದರೂ ಅವರೇ ಹೇಳಿದರು. ನಲವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಂಡನ ಜೊತೆ ಜಗಳ. "ಮತ್ತೆ ಈ ಮನೆಗೆ ಬರಬ್ಯಾಡಿ ಅಂದ್ಬುಟ್ಟೆ ತಾಯಿ. ಹೊಟ್ಟೆಗಿಲ್ದೆ ಹೋದ್ರು." ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಘಾಟಿಯಲ್ಲಿ, ಮಾರನಹಳ್ಳಿಯ ತಿರುವಿನಲ್ಲಿ ಕಾರು ಎಡಗಡೆಯ ಕಣಿವೆಗೆ ಬಿದ್ದಿತ್ತು. ಎದುರಿಗೆ ಗಾಡಿ ಇರಲಿಲ್ಲ, ಮಳೆ ಇರಲಿಲ್ಲ. ಬೇಕೆಂದೇ ಇಳಿಸಿದ ಎಂದು ಊರು ಮಾತಾಡಿತು. ತಾಯಮ್ಮನೂ ನಂಬಿದರು. ಅಷ್ಟು ಹೇಳಿ, ಬಂದವರಿಗೆ ಕಾಫಿಯಾದರೂ ಕೊಡಬೇಕಲ್ಲ ಎಂದು ಒಳಗೆ ಹೋದರು.

ಏಕಾಂತಯ್ಯ ಮೆಲ್ಲಗೆ ಹೇಳಿದರು. "ದಾರೀಲಿ ಸತ್ತೋರ್ನ ಕಟ್ಕಂಡೋಳು ಆ ಜಾಗಕ್ಕೆ ಹೋಗಿ, ಹೆಸರು ಹಿಡ್ದು ಮನೆಗೆ ಕರ್ಕಂಡ್ ಬರ್ಬೇಕು. ಅದು ನಮ್ಮ ಮನೆ ಪದ್ಧತಿ ಕಣ್ರೀ. ಇಲ್ಲಾಂದ್ರೆ ಅವ್ರು ಅಲ್ಲೇ ನಿಂತಿರ್ತಾರೆ. ತಾವಾಗೇ ಹೋದೋರ್ನ ಮಾತ್ರ ಕರಿಯಂಗಿಲ್ಲ ಅಂದ್ಬುಟ್ರು ನಮ್ಮಪ್ಪ. ಅಣ್ಣನ್ನ ಮಣ್ಣು ಮಾಡಿದ್ವಿ, ಕರೀಲಿಲ್ಲ." ಹೇಳಿದವರು ಹಸುವಿಗೆ ನೀರು ಇಡಲು ಹೊರಗೆ ಹೋದರು.

ನಾನು ಹೊರಡೋಣ ಎನ್ನುವಷ್ಟರಲ್ಲಿ ನನ್ನ ಗಂಡ ಹೊಟ್ಟೆ ಒಳಗೆ ಎಳೆದುಕೊಂಡು ಗೋಡೆಗೂ ಕಾರಿಗೂ ನಡುವೆ ತೂರಿಕೊಂಡಿದ್ದ. ನಾನು ಇಣುಕಿದೆ. ಕಂಬದ ಸೀಳು ಧೂಳು ಕಟ್ಟಿ ಮುಚ್ಚಿತ್ತು. ಕೈ ಒಳಗೇ ಇತ್ತು, ಮಡಚಿಕೊಂಡು. ಫಿಲಿಪ್ ಸ್ಕ್ರೂಡ್ರೈವರಿನ ತುದಿಯಿಂದ ಮೀಟಿ ಮೀಟಿ ಅದನ್ನು ಹೊರಗೆ ಚಾಚಿಸಿದ. ಅದರ ಹಳದಿ ಗಾಜು ಕೂಡ ಒಡೆದಿರಲಿಲ್ಲ.

ತಾಯಮ್ಮ ಕಾಫಿ ಲೋಟ ಹಿಡಿದು ಬಂದರು. ಆಗ ನನ್ನ ಗಂಡ ಅವರನ್ನು ಕರೆದ.

"ಅಮ್ಮಾ, ಇಲ್ಲಿ ಬನ್ನಿ. ಈ ಕೈ ಹೊರಗೇ ಐತೆ. ಎಡಗಡೆ ಗಾಡಿ ಹಾಕಿ, ವಾಪಸ್ ತಿರುಗಿಸೋಕೆ ಹೊರಟಿದ್ದಾರೆ. ಅಂಚಿನ ಮಣ್ಣು ಕುಸಿದಿರ್ಬೇಕು. ಸಾಯೋಕೆ ಹೋಗೋರು ಯಾರಿಗಾದ್ರೂ ಕೈ ತೋರಿಸ್ತಾರಾ?"

ಲೋಟ ಕೆಳಗಿಟ್ಟು ತಾಯಮ್ಮ ಆ ಸಂದಿಗೆ ತೂರಿದರು. ಸೆರಗಿಗೆ ಜೇಡರ ಬಲೆ ಮೆತ್ತಿಕೊಂಡಿತು. ಕತ್ತಲಲ್ಲಿ ಆ ಕಡ್ಡಿಯನ್ನು ತಡವಿ ತಡವಿ ನೋಡಿದರು.

"ವಾಪಸ್ ಬರ್ತಿದ್ರಾ?"

"ಹೂಂ ಅಮ್ಮಾ."

"ಹಂಗಾದ್ರೆ ಇಷ್ಟು ವರ್ಷದಿಂದ ಅಲ್ಲೇ ನಿಂತವ್ರೆ." ಅವರು ಗೋಡೆಗೆ ಹಣೆ ಒತ್ತಿಕೊಂಡು ಅತ್ತರು. "ಬರ್ತಿದ್ದೋರ್ನ ನಾನು ಕರೀಲೇ ಇಲ್ವಲ್ಲಪ್ಪಾ."

ನಿಜ ಹೇಳಲು ನಾನು ಬಾಯಿ ತೆರೆದಿದ್ದೆ. ಆದರೆ ಅವರು ಹೊರಗೆ ಬಂದಾಗ ಮುಖ ನೋಡಿದೆ. ಅಷ್ಟು ಅತ್ತ ಮುಖದಲ್ಲೂ ಏನೋ ಇಳಿದುಹೋಗಿ ಹಗುರಾಗಿತ್ತು. ಬಾಯಿ ಮುಚ್ಚಿಕೊಂಡೆ. ಕೈಯನ್ನು ಅವರೇ ಬಿಚ್ಚಿಸಿ ಕೊಟ್ಟರು. ಕೇಳಿದ್ದು ಒಂದೇ: "ಇದನ್ನ ನಿಮ್ ಗಾಡೀಗೆ ಹಾಕಿ, ನನ್ನ ಅಲ್ಲಿಗೆ ಕರ್ಕಂಡೋಗಿ ಸಾವ್ಕಾರ್ರೇ. ಅಂಥದೇ ಗಾಡಿ ಆದ್ರೆ ಅವ್ರಿಗೆ ಗುರ್ತು ಸಿಗ್ತದೆ."

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಫಿಲಿಪ್‌ಗೆ ಬೈದೆ. ಒಂದು ಕಡ್ಡಿಗೋಸ್ಕರ ಸತ್ತವರ ಹೆಸರಲ್ಲಿ ಸುಳ್ಳು ಹೇಳಿದೆಯಲ್ಲ ಎಂದೆ. "ಆ ಹೆಂಗಸಿನ ಸಂಕಟ ನೋಡಲಾಗಲಿಲ್ಲ" ಎಂದ. ಹತ್ತಿರದಲ್ಲೇ ಇನ್ನೊಂದು ಎಡಗೈ ಸಿಕ್ಕಿದ್ದರೆ ಅಷ್ಟು ಸಂಕಟ ಆಗುತ್ತಿತ್ತೋ ಎಂದು ಕೇಳಿದೆ.

ಮುಂದಿನ ಸೋಮವಾರ ತಾಯಮ್ಮನನ್ನು ಕೂರಿಸಿಕೊಂಡು ಮಾರನಹಳ್ಳಿಗೆ ಹೋದೆವು. ಏಕಾಂತಯ್ಯ ಬರಲಿಲ್ಲ, ಮನೆಯಲ್ಲಿ ಎಡೆಯ ಅಡುಗೆ ನಡೆದಿತ್ತು. ಅವರು ಹೇಳಿಕೊಟ್ಟಂತೆ ಮುಂದಿನ ಸೀಟನ್ನು ಖಾಲಿ ಬಿಟ್ಟು ನಾವಿಬ್ಬರು ಹೆಂಗಸರು ಹಿಂದೆ ಕೂತೆವು. ನಡುಮಧ್ಯಾಹ್ನ, ಚುರುಗುಟ್ಟುವ ಬಿಸಿಲು. ಹೆದ್ದಾರಿಯಲ್ಲಿ ಟ್ಯಾಂಕರುಗಳು ಒಂದರ ಹಿಂದೆ ಒಂದು ಘಾಟಿ ಇಳಿಯುತ್ತಿದ್ದವು. ಹೆದರಿಕೊಳ್ಳುವಂಥ ಜಾಗವೇ ಅಲ್ಲ.

ಫಿಲಿಪ್ ಸ್ವಿಚ್ ಹಾಕಿದ. ಎಡಗೈ ಹೊರಗೆ ಚಾಚಿತು. ರಸ್ತೆಯ ಅಂಚಿಗೆ ಗಾಡಿ ನಿಲ್ಲಿಸಿ, ಮುಂದಿನ ಎಡಬಾಗಿಲು ತೆರೆದಿಟ್ಟ.

ತಾಯಮ್ಮ ಕಣಿವೆಯ ಕಡೆ ತಿರುಗಿ ನಿಂತರು. ನಾನು ಫಿಲಿಪ್ ಎಂದು ದಿನಕ್ಕೆ ನೂರು ಸಲ ಕೂಗುವವಳು, ಅದರಲ್ಲಿ ತೊಂಬತ್ತು ಬೈಯುವುದಕ್ಕೆ. ಅವರು ಗಂಡನ ಹೆಸರನ್ನು ಒಂದು ಸಲವೂ ನಾಲಗೆಯ ಮೇಲೆ ತಂದವರಲ್ಲ. ಒಂದು ಲಾರಿ ಹಾದುಹೋದ ಮೇಲೆ ಆ ಹೆಸರು ಹೊರಬಂತು.

"ಶಾಂತಮಲ್ಲಪ್ಪನೋರೇ. ಬನ್ನಿ, ಮನೆಗೆ ಹೋಗಾಣ. ಕೋಪದಲ್ಲಿ ಅಂದಿದ್ದು. ಬನ್ನಿ."

ಕಾರಿನೊಳಗೆ ಕಿರ್ ಎಂದಿತು. ಆ ಮುಂದಿನ ಸೀಟಿನ ಸ್ಪ್ರಿಂಗು ಯಾರಾದರೂ ಕೂತಾಗ ಒಮ್ಮೆ, ಎದ್ದಾಗ ಒಮ್ಮೆ ಕಿರುಗುಟ್ಟುತ್ತದೆ. ನಾನು ನೋಡಿದೆ. ಸೀಟಿನ ರೆಕ್ಸಿನ್ನು ನಡುವೆ ತಗ್ಗಿತ್ತು, ತಗ್ಗಿಯೇ ಇತ್ತು. ಫಿಲಿಪ್ ಕೂಡ ನೋಡಿದ. ತಾಯಮ್ಮ ಮಾತ್ರ ಏನೂ ನೋಡದೆ, ಬಾಗಿಲು ಮುಚ್ಚಿ, ಹಿಂದೆ ಬಂದು ಕೂತರು. ಪದ್ಧತಿಯ ಪ್ರಕಾರ ಮನೆ ಮುಟ್ಟುವವರೆಗೆ ಯಾರೂ ಮಾತಾಡಬಾರದು. ಸಕಲೇಶಪುರ ದಾಟಿ, ಆಲೂರು ದಾಟಿ, ಪಾಳ್ಯದವರೆಗೂ ನನಗೆ ಕಂಡದ್ದು ಆ ತಗ್ಗು ಒಂದೇ. ಭಯವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಒಳಗೊಳಗೇ ಒಂದು ಸಮಾಧಾನವೂ ಇತ್ತು. ನನ್ನ ಗಂಡನ ಸುಳ್ಳಿನಿಂದ ಒಂದು ಒಳ್ಳೆಯದಾದರೂ ಆಯಿತಲ್ಲ ಅಂದುಕೊಂಡೆ.

ಅಂಗಳದಲ್ಲಿ ಏಕಾಂತಯ್ಯ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದರು. ತಾಯಮ್ಮ ಮುಂದಿನ ಬಾಗಿಲು ತೆರೆದರು. "ಇಳೀರಿ, ಮನೆ ಬಂತು." ನೆಲಕ್ಕೆ ನೀರು ಹೊಯ್ದು, ಹಿಂದಿರುಗಿ ನೋಡದೆ ಹೊಸ್ತಿಲು ದಾಟಿದರು. ಏಕಾಂತಯ್ಯ ಅವರ ಹಿಂದೆ ಹೋದರು.

ನಾನು ಕಿವಿಗೊಟ್ಟು ನಿಂತೆ. ಎದ್ದರೆ ಸೀಟು ಕಿರ್ ಎನ್ನಬೇಕು. ಎನ್ನಲಿಲ್ಲ. ಬಗ್ಗಿ ನೋಡಿದೆ. ತಗ್ಗು ಹಾಗೆಯೇ ಇತ್ತು.

"ಇಳಿಯಲಿಲ್ಲ" ಎಂದೆ, ಮನೆಯವರಿಗೆ ತಿಳಿಯಬಾರದೆಂದು ಕೊಂಕಣಿಯಲ್ಲಿ.

"ಗೊತ್ತು." ಫಿಲಿಪ್ ಸ್ಟಿಯರಿಂಗ್ ಬಿಡದೆ ಕೂತಿದ್ದ.

"ಅವರು ವಾಪಸ್ ಬರುತ್ತಿರಲಿಲ್ಲ ಫಿಲಿಪ್. ಈ ಮನೆಗೆ ಬರುವುದಿಲ್ಲ ಎಂದೇ ಹೋದವರು. ಗಾಡಿ ಹತ್ತು ಎಂದರೆ ಹತ್ತಿದರು. ಇಲ್ಲಿ ಇಳಿಯುವುದಿಲ್ಲ. ಒಳಗೆ ಹೋಗಿ ನಿಜ ಹೇಳು."

"ಹೇಳಿದರೆ ಆ ತಾಯಿಗೆ ಏನು ಉಳಿಯುತ್ತದೆ?"

ಮನೆಯ ಕಿಟಕಿಯಿಂದ ಒಳಗಡೆ ಕಾಣುತ್ತಿತ್ತು. ತಾಯಮ್ಮ ಮಣೆ ಹಾಕಿ, ಎಲೆ ಹಾಸಿ, ಅದರ ಎದುರು ಕೂತಿದ್ದರು. ಒಮ್ಮೆ ಬಾಯಿಗೆ ಬಂದ ಮೇಲೆ ಆ ಹೆಸರು ನಿಲ್ಲುತ್ತಲೇ ಇರಲಿಲ್ಲ. "ಶಾಂತಮಲ್ಲಪ್ಪನೋರೇ, ಇನ್ನೊಂಚೂರು ಅನ್ನ ಹಾಕ್ಲಾ? ಶಾಂತಮಲ್ಲಪ್ಪನೋರೇ, ಅವತ್ತು ಉಣ್ಣದೇ ಹೋಗ್ಬುಟ್ರಿ" ಎಂದು ನಗುತ್ತಾ ಖಾಲಿ ಮಣೆಗೆ ಬಡಿಸುತ್ತಿದ್ದರು.

ಫಿಲಿಪ್ ಸದ್ದಾಗದಂತೆ ಮುಂದಿನ ಬಾಗಿಲು ಮುಚ್ಚಿದ. ನಾನು ಹಿಂದೆ ಕೂತೆ. ಅವರ ಗಂಡನನ್ನು ಕರೆದುಕೊಂಡು ನಾವು ಹಾನುಬಾಳಿಗೆ ಹೊರಟೆವು.