ಟೀಚರ ಹೆಸರಿನ ವೀಲ್‌ಚೇರ್

"ನೀವು ಏಳಬಾರ್ದಮ್ಮ, ಹೆಸರು ನಿಮ್ಮದೇ ಇರೋದು," ಎಂದು ವೀಲ್‌ಚೇರ್ ತಳ್ಳುವವನು ಮತ್ತೆ ಗದರಿದ.

ಡ್ರಿಲ್ ಟೀಚರು ಕೂತರು. ಜನ್ಮವಿಡೀ ಮಕ್ಕಳನ್ನು ಮೈದಾನ ಸುತ್ತಿಸಿದ ಹೆಂಗಸು ವೀಲ್‌ಚೇರಿನಲ್ಲಿ, ಎರಡು ಮಂಡಿಯೂ ಸವೆದ ಗಂಡ ಹಿಂದೆ ಕಾಲೆಳೆದುಕೊಂಡು! ಕುರ್ಚಿ ಬೇಕಾಗಿದ್ದದ್ದು ಗಂಡನಿಗೇ. "ನಾನೇನು ರೋಗಿಷ್ಟನಾ?" ಎಂದು ಅವರು ಸುತರಾಂ ಒಪ್ಪದಿದ್ದಾಗ ಮಗಳು ಉಪಾಯ ಮಾಡಿ ಟಿಕೆಟ್ಟಿನ ಜೊತೆ ಅಮ್ಮನ ಹೆಸರಲ್ಲಿ ಬರೆಸಿದ್ದಳು. ಸುಸ್ತಾದಾಗ ಅಪ್ಪ ಕೂತರಾಯಿತು ಎಂದುಕೊಂಡಿದ್ದಳು ಪಾಪ. ಅಪ್ಪನ ಹಠ ಅವಳಿಗೇನು ಗೊತ್ತು.

ಮೊದಲ ವಿಮಾನ ತಡವಾಗಿ ಇಳಿದಿತ್ತು. ಕೂತೂ ಕೂತೂ ಟೀಚರ ಸೊಂಟ ಹಿಡಿದಿತ್ತು, ನಿದ್ದೆಗೆಟ್ಟ ಕಣ್ಣು ಉರಿಯುತ್ತಿತ್ತು. ಪಾಸ್‌ಪೋರ್ಟಿನ ಸಾಲು, ಆಮೇಲೆ ತಪಾಸಣೆಯ ಸಾಲು, ಎಲ್ಲ ಮುಗಿಯುವಷ್ಟರಲ್ಲಿ ಹಿಡಿಯಬೇಕಾದ ವಿಮಾನ ಜನರನ್ನು ಹತ್ತಿಸಿಕೊಳ್ಳತೊಡಗಿತ್ತು. ಮುಂದಿನದು ನಾಳೆ ಮಧ್ಯಾಹ್ನ. ತಂಗಿಯ ಹೃದಯದ ಆಪರೇಷನ್ ನಾಳೆ ಬೆಳಿಗ್ಗೆಯೇ. "ಒಳಗೆ ಕರ್ಕೊಂಡು ಹೋಗೋ ಮುಂಚೆ ನಿನ್ನ ಮುಖ ನೋಡ್ಬೇಕು ಅಕ್ಕ," ಎಂದಿದ್ದಳು.

ಲಿಫ್ಟಿನ ಮುಂದೆ ವೀಲ್‌ಚೇರುಗಳ ದೊಡ್ಡ ಸಾಲೇ ನಿಂತಿತ್ತು. ಗಂಡ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದರು. ಟೀಚರು ಎದ್ದೇಬಿಟ್ಟರು.

"ಇದಕ್ಕೆ ಕಾದರೆ ವಿಮಾನ ಸಿಗಲ್ಲ. ಮೆಟ್ಟಿಲಲ್ಲಿ ಓಡಬೇಕು."

"ಓಡು ಮತ್ತೆ."

"ನಿಮ್ಮನ್ನ ಹೀಗೆ ಗೋಡೆ ಹಿಡ್ಕೊಂಡು ನಿಲ್ಲಿಸಿ ಹೇಗೆ ಹೋಗ್ಲಿ? ಬಿಡಿ, ಹಾಳಾಗ್ಲಿ. ಫೋನ್ ಮಾಡಿ ಬರಲ್ಲ ಅಂತೀನಿ."

ಗಂಡ ಹೆಂಡತಿಯ ಮುಖ ನೋಡಿದರು. ಆಮೇಲೆ ಕುರ್ಚಿಯ ಕೈ ಹಿಡಿದು, ಮಂಡಿ ಮಡಚಲಾರದೆ ಮಡಚಿ, ಅಷ್ಟು ಜನರ ಮುಂದೆ ಕೂತರು. ಅವರ ಕಿವಿ ಕೆಂಪಗಾಗಿತ್ತು.

"ನೋಡು, ಕೂತಿದೀನಿ. ನಾಳೆಯ ವಿಮಾನಕ್ಕೆ ಈ ಕುರ್ಚಿಯವರೇ ಹತ್ತಿಸ್ತಾರೆ. ನೀನು ಹೊರಡು."

ಟೀಚರು ಸೆರಗು ಸಿಕ್ಕಿಸಿಕೊಂಡು ಓಡಿದರು. ಜೀವ ಬಾಯಿಗೆ ಬಂದಿತ್ತು. ಅವರು ಒಳಗೆ ಕಾಲಿಟ್ಟಿದ್ದೇ ತಡ, ಹಿಂದೆ ಬಾಗಿಲು ಹಾಕಿದರು.

ಸೀಟಿಗೆ ಬಿದ್ದವರೇ ತಂಗಿಗೆ ಫೋನ್ ಮಾಡಿದರು. "ಹತ್ತಿದೆ ಕಣೇ."

"ಭಾವ?"

"ನಾಳೆ ಬರ್ತಾರೆ. ವೀಲ್‌ಚೇರಲ್ಲಿ ಕೂತ್ರು, ಅದಕ್ಕೇ ಬಂದೆ."

"ಭಾವ ಕೂತ್ರಾ?"

"ಹ್ಞೂಂ. ಎಲ್ಲರ ಮುಂದೆ."

ತಂಗಿ ನಗಲು ಹೋಗಿ ಅತ್ತಳು. ಫೋನ್ ಆರಿಸಿ ಎಂದು ಗಗನಸಖಿ ಹೇಳಿ ಹೋದಳು. ಪಕ್ಕದ ಖಾಲಿ ಸೀಟಿನ ಬೆಲ್ಟು ಆಚೆಗೊಂದು ಈಚೆಗೊಂದು ಬಿದ್ದಿತ್ತು. ಟೀಚರು ಎರಡೂ ತುದಿ ಎಳೆದು ಜೋಡಿಸಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತರು.